ಬಂತು, ಬಂದಳು, ಬಂದ

ನನಗೊಂದು ಕೆಟ್ಟ ಚಾಳಿ ಇದೆ. ಎದುರಿಗೆ ಕೂತವರು ಕಷ್ಟಸುಖ ಹೇಳಿಕೊಳ್ಳುತ್ತಿದ್ದರೆ ನಾನು ಅವರ ಕಷ್ಟದ ಜೊತೆಗೆ ಅವರ ವ್ಯಾಕರಣವನ್ನೂ ಕೇಳಿಸಿಕೊಳ್ಳುತ್ತೇನೆ. ಎಲ್ಲಾದರೂ ಕ್ರಿಯಾಪದ ಕಾಲು ಜಾರಿತೋ, ನನ್ನ ತುಟಿ ತನ್ನಷ್ಟಕ್ಕೇ ಅಲುಗುತ್ತದೆ. ಒಮ್ಮೆ ನಮ್ಮ ಬಿಲ್ಡಿಂಗಿನ ಹೊಸ ಸೊಸೆಯೊಬ್ಬಳು, ಮುಂಬಯಿಯಲ್ಲೇ ಹುಟ್ಟಿ ಬೆಳೆದವಳು, ನಮ್ಮ ಸೋಫಾದ ತುದಿಯಲ್ಲಿ ಕೂತು ಅಳುತ್ತ, "ನನ್ನ ಅತ್ತೆ ಎಲ್ಲರೆದುರು ಬೈದ ಆಂಟೀ" ಎಂದಳು. "ಬೈದರು" ಎಂದುಬಿಟ್ಟೆ. ಅವಳು ಅಳು ನಿಲ್ಲಿಸಿ ನನ್ನ ಮುಖ ನೋಡಿದಳು. ಆಮೇಲೆ ಎಷ್ಟೋ ದಿನ ಆ ಹುಡುಗಿ ನಮ್ಮ ಬಾಗಿಲ ಮುಂದಿನಿಂದ ಲಿಫ್ಟಿಗೆ ಹೋಗುವಾಗ ಚಪ್ಪಲಿಯ ಸದ್ದೂ ಆಗದ ಹಾಗೆ ಹೋಗುತ್ತಿದ್ದಳು.

ಇದು ಮಂಗಳೂರಿನ ಕಾನ್ವೆಂಟು ನನಗೆ ಕೊಟ್ಟು ಕಳಿಸಿದ ಬಳುವಳಿ. ಅಲ್ಲಿ ನಮಗೆ ಕನ್ನಡ ಕಲಿಸಿದವರೂ ಒಬ್ಬ ಸಿಸ್ಟರೇ. ಅವರ ಮನೆಮಾತು ಮಲಯಾಳ. ಕನ್ನಡವನ್ನು ಪುಸ್ತಕದಿಂದ ಕಲಿತವರಾದ್ದರಿಂದ ಅದು ನಮ್ಮೆಲ್ಲರ ಕನ್ನಡಕ್ಕಿಂತ ಗಂಜಿ ಹಾಕಿ ಇಸ್ತ್ರಿ ಮಾಡಿದಂತಿತ್ತು. ಲಿಂಗದ ಪಾಠವನ್ನು ಅವರು ಒಂದೇ ವಾಕ್ಯದಲ್ಲಿ ಮುಗಿಸಿದ್ದರು. "ಮನುಷ್ಯರಿಗೆ ಅವನು, ಅವಳು, ಮಿಕ್ಕ ಲೋಕಕ್ಕೆಲ್ಲ ಅದು. ಇಷ್ಟು ಸುಲಭದ ಭಾಷೆ ಬೇರೆ ಎಲ್ಲಿ ಸಿಗುತ್ತದೆ ಮಕ್ಕಳೇ?" ಎನ್ನುತ್ತ ಮರದ ಅಡಿಕೋಲಿನಿಂದ ಮೇಜನ್ನು ಟಕ್ ಎಂದು ಕುಟ್ಟುತ್ತಿದ್ದರು. ಆ ಟಕ್ ನನ್ನ ತಲೆಯೊಳಗೆ ಇನ್ನೂ ಕೇಳಿಸುತ್ತದೆ. ಮದುವೆಯಾದ ಹೊಸತರಲ್ಲಿ ಇವರ ಮಾತನ್ನೂ ತಿದ್ದಿ ತಿದ್ದಿ ಕೊನೆಗೆ ಇವರು ನನಗೆ "ಸಿಸ್ಟರ್" ಎಂದೇ ಹೆಸರಿಟ್ಟರು. ಚೆಂಬೂರಿನ ನಮ್ಮ ಬಾಲ್ಕನಿಯಿಂದ ಇವರು "ಸಿಸ್ಟರ್, ಚಹಾ ಆಯ್ತಾ?" ಎಂದು ಕೂಗಿದ್ದನ್ನು ಕೇಳಿ ಎದುರುಮನೆಯವರು ಬಹಳ ಕಾಲ ನಮ್ಮಿಬ್ಬರ ಸಂಬಂಧದ ಬಗ್ಗೆ ಚಿಂತೆಯಲ್ಲಿದ್ದರಂತೆ.

ಸಿಸ್ಟರ್ ಹೇಳಿದಷ್ಟು ಸುಲಭವಲ್ಲ ಕನ್ನಡ ಎಂಬುದು ನನಗೆ ಗೊತ್ತಾದದ್ದು ನನ್ನ ಮಗ ಮಾತು ಕಲಿತಾಗ. ಅವನ ಕನ್ನಡಕ್ಕೆ ಅಮ್ಮ ನಾನಾದರೂ ಅಕ್ಕತಂಗಿಯರಂತೆ ಎಡಕ್ಕೂ ಬಲಕ್ಕೂ ಹಿಂದಿ, ಮರಾಠಿ ಇದ್ದವು. ಆ ಎರಡು ಭಾಷೆಗಳಲ್ಲಿ ಬಸ್ಸು ಹೆಣ್ಣು. ಹಾಗಾಗಿ ಸ್ಕೂಲ್ ಬಸ್ಸಿನ ಹಾರ್ನ್ ಕೇಳಿದ ಕೂಡಲೇ ಅವನು ಬಾಟಲಿಯ ಪಟ್ಟಿ ಕೊರಳಿಗೆ ಹಾಕಿಕೊಂಡು, "ಅಮ್ಮ, ಬಸ್ ಬಂದಳು!" ಎನ್ನುತ್ತಿದ್ದ. ಲೋಕಲ್ ಟ್ರೇನೂ ಬಂದಳು. ಮರಾಠಿಯಲ್ಲಿ ಮಳೆ ಗಂಡು, ಆದ್ದರಿಂದ ಜೂನ್ ತಿಂಗಳಲ್ಲಿ ನಮ್ಮ ಮನೆಗೆ "ಮಳೆ ಬಂದ!" ಎಂಬ ವಾರ್ತೆ ಬರುತ್ತಿತ್ತು.

"ಬಂತು ಅನ್ನಬೇಕು ಪುಟ್ಟ. ಬಸ್ ಬಂತು. ಮಳೆ ಬಂತು."

"ಕಾಗೆ?"

"ಕಾಗೆ ಬಂತು."

"ಸುಮತಿ ಆಂಟಿ?"

"ಸುಮತಿ ಆಂಟಿ ಬಂದರು."

"ಬಸ್ ಸುಮತಿ ಆಂಟಿಗಿಂತ ದೊಡ್ಡದಲ್ವಾ? ಅವಳಿಗೆ ಯಾಕೆ ಬಂತು?"

ಇವರು ಪೇಪರಿನ ಹಿಂದಿನಿಂದ, "ಪಾಯಿಂಟ್ ಉಂಟು ಸಿಸ್ಟರ್" ಎಂದರು. ಕಾಲೇಜಿಗೆ ಹೋಗುವಷ್ಟು ದೊಡ್ಡವನಾದ ಮೇಲೂ ಅವನು ನನ್ನನ್ನು ಕೆಣಕಲೆಂದೇ ಬೇಕೆಂದು "ಪಿಜ್ಜಾ ಬಂದ" ಎನ್ನುತ್ತಿದ್ದ. ನಾನು ಅಡುಗೆಮನೆಯಿಂದಲೇ "ಬಂತು" ಎಂದು ಕೂಗುತ್ತಿದ್ದೆ. ಅದು ನಮ್ಮಿಬ್ಬರ ಆಟ.

ಆ ಮಗ ಈಗಿಲ್ಲ. ಕೆಲಸಕ್ಕೆ ಸೇರಿದ ಮೊದಲ ಮಳೆಗಾಲದಲ್ಲಿ, ಟ್ರೇನುಗಳೆಲ್ಲ ನಿಂತುಹೋದ ಒಂದು ಸಂಜೆ ಕುರ್ಲಾದಿಂದ ಮನೆಯ ತನಕ ತೊಡೆಯುದ್ದದ ನೀರಿನಲ್ಲಿ ನಡೆದು ಬಂದ. ಹೊಸ ಶೂ ಕಚ್ಚಿ ಹಿಮ್ಮಡಿಯಲ್ಲಿ ಒಂದು ಗಾಯವಿತ್ತು. ನಾನು ಬಿಸಿನೀರು ಕಾಯಿಸಿ ಕೊಟ್ಟೆ, ಶುಂಠಿ ಕಷಾಯ ಮಾಡಿ ಕೊಟ್ಟೆ. ಗಾಯದ ಮೇಲೆ ಪ್ಲಾಸ್ಟರ್ ಅವನೇ ಅಂಟಿಸಿಕೊಂಡ. ಕೆಲವು ದಿನಗಳ ಮೇಲೆ ಜ್ವರ ಬಂತು. ನೆರೆನೀರಿನಿಂದ ಬರುವ ಜ್ವರ ಅದು ಎಂದು ಆಸ್ಪತ್ರೆಯಲ್ಲಿ ಹೇಳಿದರು. ಅಷ್ಟರಲ್ಲಿ ಅವನ ಕಣ್ಣು ಹಳದಿಯಾಗಿತ್ತು. ಮುಂದಿನದನ್ನು ಬರೆಯುವುದಿಲ್ಲ. ಆದರೆ ಆ ದಿನ ಫೋನಿನಲ್ಲಿ ಊರಿನ ನೆಂಟರೊಬ್ಬರು, ಬಹಳ ಒಳ್ಳೆಯವರು, ನಮ್ಮವರನ್ನು ಕೇಳಿದ ಒಂದು ಮಾತು ಮಾತ್ರ ಹೇಳಬೇಕು: "ಎಷ್ಟು ಹೊತ್ತಿಗೆ ಮನೆಗೆ ಬರ್ತದೆ?" ಬರ್ತಾನೆ ಎಂದಲ್ಲ, ಬರ್ತದೆ. ಸ್ಪೀಕರಿನಲ್ಲಿ ಇದ್ದದ್ದರಿಂದ ನನಗೂ ಕೇಳಿಸಿತು. ಅವರು ವ್ಯಾಕರಣ ತಪ್ಪಲಿಲ್ಲ. ಸಿಸ್ಟರ್ ಇದ್ದಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದರು. ಬೆಳಗ್ಗೆ ಅವನು ಆಗಿದ್ದವನು ಮಧ್ಯಾಹ್ನಕ್ಕೆ ಅದು ಆಗಿದ್ದ.

ಅಂದಿನಿಂದ ನಮ್ಮ ಮನೆಯಲ್ಲಿ ಅವನ ಹೆಸರನ್ನು ಯಾರೂ ಹೇಳುವುದಿಲ್ಲ. ಹೀಗೆ ಮಾಡೋಣವೆಂದು ನಾವಿಬ್ಬರೂ ಕೂತು ಮಾತಾಡಿಕೊಂಡದ್ದಲ್ಲ. ಇವರು ಹೇಳುವುದನ್ನು ನಿಲ್ಲಿಸಿದರು. ನನ್ನ ಬಾಯಿಂದ ಬಂದರೆ ಇವರು ಎದ್ದು ಬಾಲ್ಕನಿಗೆ ಹೋಗಿ ಒಣಗದ ಬಟ್ಟೆಗಳನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಹಾಗಾಗಿ ನಾನೂ ನಿಲ್ಲಿಸಿದೆ. ಅವನ ಕೋಣೆ "ಒಳಗಿನ ರೂಮು" ಆಯಿತು. ಅವನಿಗೆ ಪ್ರೀತಿಯ ನೀರುದೋಸೆ "ಶನಿವಾರದ ದೋಸೆ" ಆಯಿತು. ಮುಂಬಯಿಯಲ್ಲಿ ಅವನ ವಯಸ್ಸಿನ ಹುಡುಗರಲ್ಲಿ ಆ ಹೆಸರಿನವರು ಬಿಲ್ಡಿಂಗಿಗೆ ಇಬ್ಬರಾದರೂ ಸಿಗುತ್ತಾರೆ. ಹೆಸರು ಎಲ್ಲಿಂದ ಹಾರಿಬಂದು ಕಿವಿಗೆ ಬೀಳುತ್ತದೋ ಹೇಳಲಾಗದು. ಇವರು ಕ್ರಿಕೆಟ್ಟನ್ನೂ ಮ್ಯೂಟ್ ಮಾಡಿಯೇ ನೋಡುತ್ತಾರೆ.

ಹೆಸರು ಹೇಳದಿರುವುದು ನಮ್ಮ ಕಡೆಯವರಿಗೆ ಹೊಸದೇನಲ್ಲ. ನನ್ನ ಅತ್ತೆ ಜೀವಮಾನವೆಲ್ಲ ಮಾವನ ಹೆಸರೆತ್ತಲಿಲ್ಲ. ಹೆಂಡತಿ ಹೆಸರು ಹಿಡಿದರೆ ಗಂಡನ ಆಯುಸ್ಸು ಕಡಿಮೆಯಾಗುತ್ತದೆ ಎಂದು ಅವರ ನಂಬಿಕೆ. ಮಾವನ ಹೆಸರು ಗೋವಿಂದ. ಭಜನೆಯಲ್ಲಿ ಎಲ್ಲರೂ ಬಾಯ್ತುಂಬ ಗೋವಿಂದಾ ಎನ್ನುವಾಗ ಅತ್ತೆ ತುಟಿ ಬಿಗಿದುಕೊಂಡು ತಾಳವನ್ನು ಮಾತ್ರ ಎರಡರಷ್ಟು ಜೋರಾಗಿ ಬಡಿಯುತ್ತಿದ್ದರು. ದೇವರಿಗೆ ಅರ್ಥವಾಗುತ್ತದೆ ಎನ್ನುತ್ತಿದ್ದರು. ಮುಂಬಯಿಗೆ ಬಂದಾಗ ಅವರಿಗೆ ಇನ್ನೊಂದು ಸಂಕಟ. ಚೆಂಬೂರಿನ ನಂತರದ ಸ್ಟೇಷನ್ನು ಗೋವಂಡಿ. ಆ ಹೆಸರಿನ ಮೊದಲರ್ಧ ಅಪಾಯದ್ದು. ಅವರು ಅದನ್ನು "ಚೆಂಬೂರಾದ ಮೇಲಿಂದು" ಎಂದೇ ಕರೆದರು. ಒಮ್ಮೆ ಟಿಕೆಟ್ ಕಿಟಕಿಯಲ್ಲಿ ಹಾಗೆ ಕೇಳಿ, ಮಾನ್‌ಖುರ್ದ್‌ಗೆ ಟಿಕೆಟ್ ಪಡೆದು, ಗೋವಂಡಿಯಲ್ಲಿ ಇಳಿದು ಬಂದರು.

ನನಗೆ ಗಂಡು ಮಗು ಹುಟ್ಟಿದಾಗ ಪದ್ಧತಿಯಂತೆ ಅಜ್ಜನ ಹೆಸರಿಟ್ಟರು. ನಾಮಕರಣದ ದಿನವೇ ತೊಡಕು ಗೊತ್ತಾದದ್ದು. ತೊಟ್ಟಿಲ ಹತ್ತಿರ ಬಗ್ಗಿದ ಅತ್ತೆ ಬಾಯಿ ತೆರೆದರು, ಮುಚ್ಚಿದರು, ನನ್ನ ಕಡೆ ತಿರುಗಿ ಹೇಳಿದರು: "ನಾನು ಇವನನ್ನು ಏನೂಂತ ಕರೀಲಿ? ನನ್ನ ಬಾಯಿಗಾಗುವ ಒಂದು ಹೆಸರು ಹುಡುಕು ಮಗಾ." ಸಂಜೆಯ ತನಕ ಹುಡುಕಿದೆವು. ಮಗು ಹುಟ್ಟುವಾಗ ದಾಸವಾಳದ ಹಾಗೆ ಕೆಂಪಗಿತ್ತು. ಕೆಂಪು ಎಂಬ ಅರ್ಥದ, ಚಿಕ್ಕದಾದ, ಊರಿನಲ್ಲೂ ಮುಂಬಯಿಯಲ್ಲೂ ನಾಲಿಗೆಗೆ ಸಿಕ್ಕುವ ಹೆಸರನ್ನು ನಾನೇ ಹೇಳಿದೆ. ರೋಹಿತ್. ಅತ್ತೆ ಅದನ್ನು ಬಾಯಲ್ಲಿ ಹಾಕಿ ಚಪ್ಪರಿಸಿ ನೋಡಿ, "ಇದು ಆಗ್ತದೆ" ಎಂದರು. ಯೋಚಿಸಿದರೆ ಆ ಹೆಸರನ್ನು ಹುಡುಕಿದ್ದೇ ಗಟ್ಟಿಯಾಗಿ ಕರೆಯಲು.

ಮಾವ ತೀರಿಹೋದ ಮೇಲೆ ಒಂದು ಭಜನೆಯಲ್ಲಿ ನಾನು ಅತ್ತೆಯ ಪಕ್ಕ ಕೂತಿದ್ದೆ. ಅವರು ತಾಳ ಕೆಳಗಿಟ್ಟರು. ಎಲ್ಲರ ಜೊತೆ "ಗೋವಿಂದಾ" ಎಂದರು. ಆ ಧ್ವನಿ ಎಷ್ಟು ಎಳೆಯದಾಗಿತ್ತು ಎಂದರೆ ನಾನು ತಿರುಗಿ ನೋಡಿದೆ. ಮನೆಗೆ ಬರುವಾಗ ತಾವಾಗಿಯೇ ಹೇಳಿದರು: "ಇನ್ನು ಯಾರ ಆಯುಸ್ಸಿಗೆ ಹೆದರುವುದು ಮಗಾ?" ಮೊಮ್ಮಗನ ವಿಷಯ ನೋಡುವ ಮೊದಲೇ ಅವರು ಹೋದರು. ಅತ್ತೆಯ ಆ ಮಾತನ್ನು ಇವರಿಗೆ ಹೇಳಬೇಕೆಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಹೇಳಲು ಹೊರಟರೆ ಇವರ ಕೈ ಬಟ್ಟೆ ಮುಟ್ಟಿ ನೋಡಲು ಹೋಗುತ್ತದೆ ಎಂದು ಸುಮ್ಮನಾಗಿದ್ದೇನೆ.

ಇಷ್ಟೆಲ್ಲ ಹೇಳಿದ್ದು ಹಕ್ಕಿ ನೋಡಲು ಹೋದ ಕಥೆ ಹೇಳುವುದಕ್ಕಾಗಿ.

ಹೋದ ಚಳಿಗಾಲದಲ್ಲಿ ಮೇಲಿನ ಮನೆಯ ಸುಮತಿ ಅಕ್ಕ ಮಂಡಿಗೆ ಬೆಲ್ಟ್ ಕಟ್ಟಿಕೊಂಡು ಮೆಟ್ಟಿಲಿಳಿದು ಬಂದರು. ಭಾಂಡುಪ್‌ನ ಖಾಡಿಯಲ್ಲಿ ಫ್ಲೆಮಿಂಗೋ ತೋರಿಸುವ ಬೋಟಿಗೆ ಅವರೂ ಅವರ ಯಜಮಾನರೂ ಸೀಟು ಹಿಡಿದಿದ್ದರಂತೆ, ಮಂಡಿ ಬಿಡಲಿಲ್ಲ.

"ನೀವಿಬ್ಬರು ಹೋಗಿ ಬನ್ನಿ ಮಾರಾಯ್ತಿ. ಕೂತು ಕೂತು ಈ ಸೋಫಾಕ್ಕೂ ನಿಮಗೂ ವ್ಯತ್ಯಾಸವೇ ಇಲ್ಲ ಈಗ. ಅದಕ್ಕಾದರೂ ವರ್ಷಕ್ಕೊಮ್ಮೆ ಹೊಸ ಕವರ್ ಹಾಕ್ತೀರಿ."

ಇವರು ಬರುವುದಿಲ್ಲ ಎನ್ನುತ್ತಾರೆ ಎಂದುಕೊಂಡಿದ್ದೆ. ಖಾಡಿ ಎಂದರೆ ನೀರು, ಕೆಸರು. ಆ ಮಳೆಗಾಲದ ನಂತರ ಇವರು ರಸ್ತೆಯಲ್ಲಿ ಅಂಗೈಯಗಲದ ನೀರು ನಿಂತಿದ್ದರೂ ಸುತ್ತುಬಳಸಿ ಹೋಗುವವರು. ಆದರೆ ಸುಮತಿ ಅಕ್ಕನ ಎದುರಿಗೆ ಇಲ್ಲ ಎನ್ನುವ ಧೈರ್ಯ ನಮ್ಮ ಬಿಲ್ಡಿಂಗಿನಲ್ಲಿ ಯಾರಿಗೂ ಇಲ್ಲ. ಹೊರಡುವ ಬೆಳಗ್ಗೆ ನಾನು ಮಂಚದ ಮೇಲೆ ಕೂತು ಸಾಕ್ಸ್ ಹಾಕಿಕೊಳ್ಳುತ್ತಿದ್ದೆ. ಇವರು ಕನ್ನಡಕ ಏರಿಸಿಕೊಂಡು ನನ್ನೆದುರು ನೆಲದ ಮೇಲೆ ಕೂತರು. ನನ್ನ ಎರಡೂ ಹಿಮ್ಮಡಿಗಳನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದರು. "ಗಾಯ ಇಲ್ಲ, ಅಲ್ವಾ?" ಎಂದರು. "ಇಲ್ಲ" ಎಂದೆ. ಆಮೇಲೆ ತಮ್ಮದನ್ನೂ ನೋಡಿಕೊಂಡರು.

ಹಕ್ಕಿಗಳ ವಿಷಯದಲ್ಲಿ ನಾನು ಶುದ್ಧ ಅನಕ್ಷರಸ್ಥೆ. ಕಾನ್ವೆಂಟಿನ ಗೋಡೆಯ ಮೇಲೆ ಒಂದು ಚಾರ್ಟ್ ಇತ್ತು. ಫ್ಲೆಮಿಂಗೋ ಅದರಲ್ಲಿ ಒಂಟಿ ಕಾಲಿನಲ್ಲಿ ನಿಂತಿತ್ತು. ಕನ್ನಡದಲ್ಲಿ ಅದನ್ನು ರಾಜಹಂಸ ಎನ್ನುತ್ತಾರೆಂದು ಸಿಸ್ಟರ್ ಹೇಳಿದ್ದರು. ಊರಿನಲ್ಲಿ ನಾವು ಕಾಲು ಉದ್ದ ಇರುವುದನ್ನೆಲ್ಲ ಕೊಕ್ಕರೆ ಎನ್ನುತ್ತಿದ್ದೆವು, ಗಿಡ್ಡ ಇರುವುದನ್ನೆಲ್ಲ ಹಕ್ಕಿ ಎನ್ನುತ್ತಿದ್ದೆವು. ಯಾವ ಹಕ್ಕಿಯೂ ಬೇಸರ ಮಾಡಿಕೊಂಡದ್ದಿಲ್ಲ. ಇನ್ನು ಮರಾಠಿ. ನನ್ನ ಮರಾಠಿ ಚೆಂಬೂರಿನ ತರಕಾರಿ ಮಾರ್ಕೆಟ್ಟಿನಲ್ಲಿ ಕಲಿತದ್ದು. ಸೊಪ್ಪುಗಳ ಹೆಸರೆಲ್ಲ ಬರುತ್ತದೆ, ಮೆಂತ್ಯದ ಕಟ್ಟು ಬಾಡಿದೆ ಎಂದು ಜಗಳವಾಡಲು ಬರುತ್ತದೆ. ಹಕ್ಕಿಗಳಲ್ಲಿ ಗುಬ್ಬಿ, ಕಾಗೆ, ಪಾರಿವಾಳ ಇಷ್ಟೇ; ಕಿಟಕಿಗೆ ಬರುವವು. ಫ್ಲೆಮಿಂಗೋಗೆ ಮರಾಠಿಯಲ್ಲಿ ಏನೆನ್ನುತ್ತಾರೆ ಎಂದು ಯೋಚಿಸುವ ಸಂದರ್ಭವೇ ನನಗೆ ಬಂದಿರಲಿಲ್ಲ. ಬಂದಿದ್ದರೆ ನಾನು ಇವರನ್ನು ಕರೆದುಕೊಂಡು ಹೋಗುತ್ತಿರಲಿಲ್ಲ.

ಖಾಡಿ ಎಂದರೆ ಸಮುದ್ರ ನಗರದೊಳಕ್ಕೆ ಚಾಚಿದ ಒಂದು ಉದ್ದ ತೋಳು. ಎರಡು ದಡದಲ್ಲೂ ಕಾಂಡ್ಲಾ ಗಿಡಗಳ ದಟ್ಟ ಕಾಡು. ಅವು ಬೇರುಗಳನ್ನು ಕೆಸರಿನಿಂದ ಮೇಲಕ್ಕೆ ಚುಚ್ಚಿ ಉಸಿರಾಡುತ್ತವೆ, ಸಾವಿರ ಪೆನ್ಸಿಲ್ ನೆಟ್ಟ ಹಾಗೆ. ಆ ಕಾಡಿನ ಹಿಂದೆ ಹೊಸ ಟವರುಗಳು, ವಿದ್ಯುತ್ ಕಂಬಗಳ ಸಾಲು, ಸೇತುವೆ. ಅಲ್ಲಿ ನರಿಗಳೂ ಇವೆಯಂತೆ; ಲೋಕಲ್ ಟ್ರೇನಿನ ಸದ್ದು ಕೇಳುವಷ್ಟು ಹತ್ತಿರದಲ್ಲಿ ನರಿ ಸಂಸಾರ ಮಾಡಿಕೊಂಡಿದೆ ಎಂದರೆ ನನಗೆ ನಂಬಲಾಗಲಿಲ್ಲ. ಬೋಟಿನ ಕಡೆಗೆ ಮೆಟ್ಟಿಲಿಳಿಯುವಾಗ ಕೆಸರಿನ ಮೇಲೆ ಬೆರಳುದ್ದದ ಮೀನುಗಳು ಕುಪ್ಪಳಿಸುತ್ತಿದ್ದವು. ನೀರಿನಲ್ಲಿರಬೇಕೋ ನೆಲದ ಮೇಲಿರಬೇಕೋ ಎಂದು ತೀರ್ಮಾನವಾಗದ ಮುಖ ಅವುಗಳದು. ಕೆಸರಿನ ವಾಸನೆ ಜೋರಾಗಿತ್ತು. ನಾನು ಓರೆಗಣ್ಣಿನಿಂದ ಇವರನ್ನು ನೋಡಿದೆ. ಇವರು ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟಿನ ಕೊಕ್ಕೆಯನ್ನು ತಪ್ಪು ತೂತಿಗೆ ಸಿಕ್ಕಿಸುತ್ತ ನಿಂತಿದ್ದರು. ನಾನೇ ಹಾಕಿ ಕೊಟ್ಟೆ.

ಬೋಟಿನಲ್ಲಿ ನಮ್ಮೆದುರಿಗೆ ಒಬ್ಬ ಮರಾಠಿ ಅಜ್ಜಿ, ಜೊತೆಗೆ ನಾಲ್ಕೈದು ವರ್ಷದ ಮೊಮ್ಮಗಳು. ಹುಡುಗಿಯ ಎರಡು ಜುಟ್ಟಿಗೂ ಗುಲಾಬಿ ರಿಬ್ಬನ್; ಫ್ಲೆಮಿಂಗೋಗೆ ತೋರಿಸಲೆಂದೇ ಕಟ್ಟಿಸಿಕೊಂಡದ್ದಂತೆ. ಹಿಂದೆ ಉದ್ದ ಲೆನ್ಸಿನ ಕೆಲವರು. ಬೆಳ್ಳಕ್ಕಿಗಳು ಕಂಡವು, ಒಂದು ಕಂಬದ ತುದಿಯಲ್ಲಿ ಮಿಂಚುಳ್ಳಿ ಕಂಡಿತು. ನೀರು ಹೊಗೆಯ ಬಣ್ಣಕ್ಕಿತ್ತು. ಸೇತುವೆ ದಾಟಿ ಬೋಟು ಬಲಕ್ಕೆ ತಿರುಗುತ್ತಿದ್ದಂತೆ ದೂರದ ಕೆಸರಿನ ಮೇಲೆ ಯಾರೋ ಪುನರ್ಪುಳಿಯ ಸಾರಿಗೆ ತೆಂಗಿನ ಹಾಲು ಬೆರೆಸಿ ಚೆಲ್ಲಿದ ಹಾಗೆ ಒಂದು ತಿಳಿಗುಲಾಬಿ ಬಣ್ಣ ಕಾಣಿಸಿತು. ನಾನು ಇವರ ತೋಳು ಹಿಡಿದು ತೋರಿಸಬೇಕೆನ್ನುವಷ್ಟರಲ್ಲಿ ಬೋಟಿನವನು ಎದ್ದು ನಿಂತು ಕೈ ಚಾಚಿ ಕೂಗಿದ:

"ತೇ ಬಘಾ! ರೋಹಿತ್ ಆಲೇ!"

ನೋಡಿ, ರೋಹಿತ್ ಬಂದರು.

ಇವರ ಕತ್ತು ತಿರುಗಿದ ವೇಗವನ್ನು ನಾನು ಮರೆಯಲಾರೆ. ಹಕ್ಕಿ ನೋಡಲು ಯಾರೂ ಹಾಗೆ ತಿರುಗುವುದಿಲ್ಲ. ತಡವಾಗಿ ಮನೆಗೆ ಬಂದ ಮಗನ ಹೆಸರನ್ನು ಯಾರಾದರೂ ಗೇಟಿನಲ್ಲಿ ಹೇಳಿದರೆ ಬಾಲ್ಕನಿಯಲ್ಲಿರುವ ಅಪ್ಪ ಹಾಗೆ ತಿರುಗುತ್ತಾನೆ. ನನ್ನ ಕೈ ಗಾಳಿಯಲ್ಲೇ ನಿಂತಿತು. ಬೋಟಿನ ತುಂಬ ಆ ಹೆಸರೇ; ಮರಾಠಿಯಲ್ಲಿ ಆ ಹಕ್ಕಿಯ ಹೆಸರೂ ಅದೇ. ಹಿಂದಿನವರು ರೋಹಿತ್ ಕಿತೀ ಆಹೇತ್ ಎನ್ನುತ್ತಿದ್ದಾರೆ, ಎಷ್ಟಿವೆ ಎಂದು. ಅಜ್ಜಿ ಮೊಮ್ಮಗಳ ಗದ್ದ ಹಿಡಿದು ತಿರುಗಿಸುತ್ತ ರೋಹಿತ್ ಬಘ, ರೋಹಿತ್ ಬಘ ಎನ್ನುತ್ತಿದ್ದಾರೆ. ಇಷ್ಟು ವರ್ಷ ಮನೆಯ ಕಿಟಕಿ ಬಾಗಿಲು ಮುಚ್ಚಿ, ಟಿವಿಯ ಬಾಯಿ ಮುಚ್ಚಿ ಹೊರಗಿಟ್ಟ ಒಂದು ಶಬ್ದ ನಾಲ್ಕೂ ಕಡೆ ನೀರೇ ಇರುವ ಜಾಗದಲ್ಲಿ ನಮ್ಮನ್ನು ಹಿಡಿದುಹಾಕಿತ್ತು. ಎದ್ದು ಹೋಗಲು ಅಲ್ಲಿ ಬಾಲ್ಕನಿ ಇರಲಿಲ್ಲ. ಮುಟ್ಟಿ ನೋಡಲು ಬಟ್ಟೆಗಳಿರಲಿಲ್ಲ.

ಬೋಟಿನವನು ಇಂಜಿನ್ ನಿಲ್ಲಿಸಿದ. ನಾವು ತೇಲುತ್ತ ಹತ್ತಿರ ಹೋದೆವು. ಎಲ್ಲವೂ ತಲೆ ತಗ್ಗಿಸಿಕೊಂಡು ಊಟ ಮಾಡುತ್ತಿದ್ದವು. ಫ್ಲೆಮಿಂಗೋ ಊಟ ಮಾಡುವ ರೀತಿಯೇ ವಿಚಿತ್ರ. ತಲೆಯನ್ನು ಪೂರಾ ತಿರುವುಮುರುವಾಗಿ ನೀರಿಗೆ ಇಳಿಸಿ, ಕೊಕ್ಕಿನಿಂದ ಕೆಸರು ನೀರನ್ನು ಸೋಸಿ ಸೋಸಿ, ಕಣ್ಣಿಗೆ ಕಾಣದಂಥ ಪಾಚಿಯನ್ನು ಉಳಿಸಿಕೊಳ್ಳುತ್ತವೆ. ಆ ಪಾಚಿಯಿಂದಲೇ ಅವುಗಳಿಗೆ ಬಣ್ಣ. ಮುಂಬಯಿಯ ಗಟಾರವೆಲ್ಲ ಬಂದು ಸೇರುವ ಈ ಖಾಡಿಯಲ್ಲಿ ಪಾಚಿ ಚೆನ್ನಾಗಿ ಬೆಳೆಯುವುದರಿಂದಲೇ ಅವು ಇಷ್ಟು ಬರುತ್ತವೆಯಂತೆ. ಅದೇ ಕೊಳಕು ನೀರು. ಒಬ್ಬರ ಮನೆಯ ಮಗನ ಕಣ್ಣನ್ನು ಹಳದಿ ಮಾಡುತ್ತದೆ, ಇನ್ನೊಬ್ಬರ ಮಕ್ಕಳನ್ನು ಗುಲಾಬಿ ಮಾಡುತ್ತದೆ. ಹುಟ್ಟುವಾಗ ಅವು ಕೆಂಪಗಿರುವುದಿಲ್ಲ, ಬೂದುಬಣ್ಣ. ಬಣ್ಣ ತುಂಬಲು ವರ್ಷಗಳೇ ಬೇಕು. ಗುಂಪಿನ ಅಂಚಿನಲ್ಲಿ ಅಂಥ ಬೂದು ಎಳೆಯವು ಕೆಲವು ನಿಂತಿದ್ದವು. ಕಾಲು ಮಾತ್ರ ಉದ್ದ ಬೆಳೆದು, ಉಳಿದದ್ದು ಇನ್ನೂ ಬರಬೇಕಾದ ಹುಡುಗರ ಹಾಗೆ.

ಗುಲಾಬಿ ರಿಬ್ಬನ್ನಿನ ಹುಡುಗಿಗೆ ಇಷ್ಟು ದೂರದಿಂದ ನೋಡಿ ಸಮಾಧಾನವಾಗಲಿಲ್ಲ. ಅವಳು ಬೋಟಿನ ಅಂಚು ಹಿಡಿದು ನಿಂತು ಕರೆಯತೊಡಗಿದಳು:

"ರೋಹಿತ್! ಏ ರೋಹಿತ್! ಇಕಡೇ ಯೇ ನಾ!"

ಇಲ್ಲಿ ಬಾರೋ ಎಂದು. ಎಳೆ ಗಂಟಲು, ನೀರಿನ ಮೇಲೆ ಬಹಳ ದೂರ ಹೋಗುವ ಗಂಟಲು. "ರೋಹಿತ್, ಯೇ ನಾ!" ಅಜ್ಜಿ ಅವಳ ಫ್ರಾಕಿನ ತುದಿ ಎಳೆದು, "ಹಳೂ ಗಂ, ಉಡೂನ್ ಜಾತೀಲ್" ಎಂದರು, ಮೆಲ್ಲಗೆ, ಹಾರಿಹೋಗುತ್ತವೆ ಎಂದು. ಅವು ಹಾರಲೂ ಇಲ್ಲ, ಬರಲೂ ಇಲ್ಲ. ಒಂದೂ ತಲೆ ಎತ್ತಲಿಲ್ಲ. ನನ್ನ ಕನ್ನಡಕ ಮಂಜಾಯಿತು. ಖಾಡಿಯ ಗಾಳಿಯಲ್ಲಿ ಉಪ್ಪಿರುತ್ತದೆ, ಒರೆಸಿಕೊಂಡರೆ ಯಾರೂ ಕೇಳುವುದಿಲ್ಲ.

ಹುಡುಗಿ ಸೋತು ಹಿಂದಕ್ಕೆ ತಿರುಗಿದಳು. ಎದುರಿಗೆ ಇವರು ಕೂತಿದ್ದರು. ಅಜ್ಜ ಎಂದರೆ ಎಲ್ಲ ಗೊತ್ತಿರುವವರು ಎಂದು ಆ ವಯಸ್ಸಿನವರು ತಿಳಿದಿರುತ್ತಾರೆ. ತುಟಿ ಮುಂದೆ ಮಾಡಿ ಕೇಳಿದಳು: "ತೋ ಕಾ ಯೇತ್ ನಾಹೀ, ಆಜೋಬಾ?"

ಅವನು ಯಾಕೆ ಬರುವುದಿಲ್ಲ ಅಜ್ಜಾ?

ನಾನು ಏನಾದರೂ ಹೇಳಿ ಮಾತು ತಪ್ಪಿಸಬೇಕು ಎಂದುಕೊಂಡೆ. ನನ್ನ ತರಕಾರಿ ಮಾರ್ಕೆಟ್ಟಿನ ಮರಾಠಿಯಲ್ಲಿ ಆ ಪ್ರಶ್ನೆಗೆ ಉತ್ತರ ಇರಲಿಲ್ಲ. ಬೇರೆ ಯಾವ ಭಾಷೆಯಲ್ಲಿ ತಾನೇ ಇದೆ? ಇವರು ಹಕ್ಕಿಗಳ ಕಡೆ ನೋಡಿದರು. ರಿಫೈನರಿಯಲ್ಲಿ ಜೀವಮಾನವೆಲ್ಲ ಮರಾಠಿಯವರ ಜೊತೆ ದುಡಿದವರು. ಇವರ ಮರಾಠಿ ಚೆನ್ನಾಗಿದೆ. ಮುಂದಕ್ಕೆ ಬಾಗಿ, ತುಂಬ ಗುಟ್ಟಿನ ವಿಷಯ ಹೇಳುವವರ ಹಾಗೆ ಆ ಮಗುವಿಗೆ ಹೇಳಿದರು:

"ರೋಹಿತ್ ಜೇವ್ತೋಯ್, ಬಾಳ. ಜೇವ್ತಾನಾ ಹಾಕ್ ಮಾರೂ ನಯೇ."

ರೋಹಿತ್ ಊಟ ಮಾಡುತ್ತಿದ್ದಾನೆ ಮಗೂ. ಊಟ ಮಾಡುವಾಗ ಕರೆಯಬಾರದು.

ಇದು ಇವರ ಅಮ್ಮನ ಮಾತು. ಉಣ್ಣುತ್ತಿರುವ ಮಕ್ಕಳನ್ನು ಹೆಸರು ಹಿಡಿದು ಕರೆದರೆ ಅತ್ತೆಗೆ ಆಗುತ್ತಿರಲಿಲ್ಲ. ಅನ್ನ ಬಿಟ್ಟು ಏಳುವ ಹಾಗಾಗಬಾರದು ಎನ್ನುತ್ತಿದ್ದರು. ನಮ್ಮವನಾದರೋ ಕರೆದರೂ ಏಳುವವನಲ್ಲ. ಮೊಬೈಲನ್ನು ಸಾಂಬಾರಿನ ಬಟ್ಟಲಿಗೆ ಒರಗಿಸಿ, ತಲೆಯನ್ನು ತಟ್ಟೆಗೆ ಬಗ್ಗಿಸಿ, ನಾನು ಎಷ್ಟು ಕೂಗಿದರೂ "ಹ್ಞೂಂ" ಎಂಬುದೊಂದನ್ನು ಬಿಟ್ಟರೆ ಉತ್ತರವಿಲ್ಲ. ಹುಡುಗಿಗೆ ಉತ್ತರ ಸರಿಹೋಯಿತು. ತಾನೂ ಅಜ್ಜಿಯ ಚೀಲದಿಂದ ಬಿಸ್ಕೆಟ್ ತೆಗೆಸಿಕೊಂಡು, ಹಕ್ಕಿಗಳಿಗೆ ಬೆನ್ನು ಹಾಕಿ ತಿನ್ನುತ್ತ ಕೂತಳು. ಇವರು ನನ್ನ ಕಡೆ ನೋಡಲಿಲ್ಲ. ನಾನೂ ನೋಡಲಿಲ್ಲ. ಬೋಟು ತಿರುಗುವ ತನಕ ಇಬ್ಬರೂ ಅವುಗಳ ಊಟವನ್ನೇ ನೋಡಿದೆವು.

ಮನೆಗೆ ಬಂದು ಇವರು ಬಚ್ಚಲಲ್ಲಿ ನಮ್ಮಿಬ್ಬರ ಶೂಗಳ ಕೆಸರು ತೊಳೆದರು. ಸಂಜೆ ಸುಮತಿ ಅಕ್ಕನ ಫೋನು.

"ಹೇಗಿತ್ತು? ಕಂಡಿತಾ?"

"ಕಂಡಿತು ಅಕ್ಕ. ತುಂಬ ಇದ್ದವು."

"ನಿಮ್ಮವರೇನಂದರು?"

"ಏನಿಲ್ಲ. ನೋಡಿದರು."

ನಾನು ಹೇಳದ್ದೂ ಅವರಿಗೆ ಗೊತ್ತಿತ್ತೋ ಏನೋ. ಮರಾಠಿಯಲ್ಲಿ ಆ ಹಕ್ಕಿಗೆ ಏನೆನ್ನುತ್ತಾರೆ ಎಂಬುದು ನಲವತ್ತು ವರ್ಷ ಮುಂಬಯಿಯಲ್ಲಿ ಕಳೆದ ಸುಮತಿ ಅಕ್ಕನಿಗೆ ಗೊತ್ತಿಲ್ಲವೆಂದು ನಂಬಲು ಒಮ್ಮೊಮ್ಮೆ ಕಷ್ಟವಾಗುತ್ತದೆ. ಆದರೆ ಅವರ ಮಂಡಿಯನ್ನು ಅನುಮಾನಿಸುವಷ್ಟು ಕೆಟ್ಟವಳಲ್ಲ ನಾನು.

ಅದರಿಂದ ಎಲ್ಲ ಸರಿಹೋಯಿತು ಎಂದು ತಿಳಿಯಬೇಡಿ. ಒಳಗಿನ ರೂಮು ಒಳಗಿನ ರೂಮಾಗಿಯೇ ಇತ್ತು, ಕ್ರಿಕೆಟ್ಟು ಮೂಕವಾಗಿಯೇ ಇತ್ತು. ಬೇಸಗೆ ಮುಗಿಯಿತು. ಆ ಹಕ್ಕಿಗಳು ಮಳೆ ಬೀಳುವ ಮೊದಲು ಖಾಡಿ ಬಿಟ್ಟು ಗುಜರಾತಿನ ಕಡೆ ಹೊರಟುಹೋಗುತ್ತವೆ ಎಂದು ಎಲ್ಲೋ ಓದಿದೆ. ಜಾಣ ಹಕ್ಕಿಗಳು. ಜುಲೈಯಲ್ಲಿ ರಸ್ತೆಗಳೆಲ್ಲ ಮುಳುಗಿದ ಒಂದು ದಿನ ನಾವಿಬ್ಬರೂ ಕಿಟಕಿಯ ಹತ್ತಿರ ಕೂತಿದ್ದೆವು. ಕೆಳಗೆ ಜನ ಚಪ್ಪಲಿ ಕೈಯಲ್ಲಿ ಹಿಡಿದು ನೀರಿನಲ್ಲಿ ನಡೆಯುತ್ತಿದ್ದರು. ಇವರು ಇದ್ದಕ್ಕಿದ್ದಂತೆ, "ಈಗ ಅಲ್ಲಿ ಒಂದೂ ಇರ್ಲಿಕ್ಕಿಲ್ಲ, ಅಲ್ವಾ?" ಎಂದರು. "ಇಲ್ಲ, ಎಲ್ಲ ಹೋಗಿರ್ತಾವೆ" ಎಂದೆ. "ಒಳ್ಳೇದಾಯ್ತು" ಎಂದರು.

ಮೊನ್ನೆ ನವೆಂಬರಿನ ಒಂದು ಬೆಳಗ್ಗೆ ನಾನು ಒಲೆಯ ಮುಂದಿದ್ದೆ, ಶನಿವಾರದ ದೋಸೆ ಹೊಯ್ಯುತ್ತಿದ್ದೆ. ಇವರು ಎಂದಿನಂತೆ ಹಾಲ್‌ನಲ್ಲಿ ಪೇಪರಿನ ಹಿಂದೆ. ಪುಟ ಮಗುಚಿದ ಸದ್ದಾಯಿತು. ಆಮೇಲೆ ಗಂಟಲು ಸರಿಮಾಡಿಕೊಂಡ ಸದ್ದು.

"ಸಿಸ್ಟರ್."

ಆ ಹೆಸರಿನಿಂದ ಇವರು ನನ್ನನ್ನು ಕರೆದು ಯಾವ ಕಾಲವಾಗಿತ್ತೋ.

"ಏನು?"

"ರೋಹಿತ್ ಬಂದಿದ್ದಾನಂತೆ."

ತಲೆಯೊಳಗೆ ಎಲ್ಲೋ ಮರದ ಅಡಿಕೋಲು ಟಕ್ ಎಂದಿತು. ಹಕ್ಕಿಗಳು, ಬಹುವಚನ, ನಪುಂಸಕಲಿಂಗ. ಬಂದಿವೆಯಂತೆ ಎನ್ನಬೇಕು. ಮನುಷ್ಯರಿಗೆ ಅವನು, ಅವಳು. ಮಿಕ್ಕ ಲೋಕಕ್ಕೆಲ್ಲ ಅದು. ಕಾವಲಿಯ ಮೇಲಿನ ದೋಸೆ ಅಂಚು ಬಿಡುವ ತನಕ ನಾನು ಕಾದೆ. ಆಮೇಲೆ ಅಡುಗೆಮನೆಯಿಂದಲೇ, ಹಿಂದೆಲ್ಲ ಕೂಗುತ್ತಿದ್ದ ಹಾಗೆ, ಎದುರುಮನೆಗೂ ಕೇಳುವಷ್ಟು ಗಟ್ಟಿಯಾಗಿ ಕೇಳಿದೆ:

"ಹೌದಾ? ಯಾವಾಗ ಬಂದನಂತೆ?"